ಒಂದು ಚೂರು ಗೋಡಂಬಿ, ಮೈಯೆಲ್ಲ ಗಲಾಟೆ: ಆಹಾರದ ಅಲರ್ಜಿಯಲ್ಲಿ ಉರಿಯೂತದ ಪ್ರೋಟೀನ್‌ಗಳ ಕೆಲಸ

ನಮ್ಮ ಮನೆಯ ಗೃಹಪ್ರವೇಶದ ದಿನ ಬೆಳಗಿನ ತಿಂಡಿಗೆ ಉಪ್ಪಿಟ್ಟು, ಕೇಸರಿಬಾತ್ ಮಾಡಿಸಿದ್ದೆವು. ತಂಗಿಯ ಮಗನಿಗೆ ಆಗ ಎರಡೂವರೆ ವರ್ಷ. ಯಾರೋ ಪ್ರೀತಿಯಿಂದ ತಮ್ಮ ಎಲೆಯ ಕೇಸರಿಬಾತಿನಲ್ಲಿದ್ದ ಒಂದು ಗೋಡಂಬಿ ಚೂರನ್ನು ಅವನ ಬಾಯಿಗೆ ಇಟ್ಟರು. ಹತ್ತು ನಿಮಿಷ ಕಳೆದಿರಲಿಲ್ಲ. ಮೊದಲು ಬಾಯಿ ಉಜ್ಜಿಕೊಳ್ಳೋಕೆ ಶುರು ಮಾಡಿದ. ಆಮೇಲೆ ಕೆಳದುಟಿ ಊದಿತು. ಹೊಟ್ಟೆ, ಬೆನ್ನಿನ ಮೇಲೆಲ್ಲ ಕೆಂಪು ದದ್ದು ಎದ್ದವು.

'ಪಿತ್ತದ ಗಂಧೆ ಕಣೇ, ದೊಡ್ಡಪತ್ರೆ ಉಜ್ಜಿ ಕಂಬಳಿ ಹೊದಿಸು' ಅಂದರು ಅತ್ತೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿ ಅಲರ್ಜಿಯ ಸಿರಪ್ ಕುಡಿಸಿ, 'ಸರಿಹೋಗುತ್ತೆ, ಕರಕೊಂಡು ಹೋಗಿ' ಅಂದರು. ವಾಪಸ್ ಬರುವಾಗ ಕಾರಿನಲ್ಲೇ ಮಗು ಕೆಮ್ಮತೊಡಗಿತು. ದನಿ ಗೊಗ್ಗರಾಯಿತು. ವಾಂತಿ ಆಯಿತು. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಐದು ನಿಮಿಷದಲ್ಲಿ ಉಸಿರು ಸಲೀಸಾಯಿತು.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಪುಸ್ತಕದಲ್ಲಿ ಅಲರ್ಜಿ ಅಂದರೆ ಅರ್ಧ ಪುಟ. ಆ ಅರ್ಧ ಪುಟ ಅವತ್ತು ನನ್ನ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಅವನು ಅದಕ್ಕೆ ಮುಂಚೆ ಗೋಡಂಬಿ ತಿಂದೇ ಇರಲಿಲ್ಲ, ಮೊದಲ ಸಲಕ್ಕೇ ಹೀಗಾಗಿದ್ದು ಹೇಗೆ? ಸಿರಪ್ ಯಾಕೆ ಸಾಲಲಿಲ್ಲ? ಇಂಜೆಕ್ಷನ್ ಏನು ಮಾಡಿತು? ಆಮೇಲೆ ಓದುತ್ತಾ ಹೋದೆ. ಉತ್ತರ ಇದ್ದದ್ದು ಒಂದು ಸರಪಳಿಯಲ್ಲಿ. ಒಂದು ಪ್ರೋಟೀನ್ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಈ ಸರಪಳಿಯ ಒಂದೊಂದು ಕೊಂಡಿ ಗೊತ್ತಾದರೆ ಅಲರ್ಜಿಯ ಬಗ್ಗೆ ನಾವು ಮಾಡುವ ಎಷ್ಟೋ ತಪ್ಪುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಶುರುವಾಗುವುದು ಬಾಯಲ್ಲಲ್ಲ, ಚರ್ಮದಲ್ಲಿ

ಮೊದಲು ಗೋಡಂಬಿಯ ವಿಷಯ. ಅಲರ್ಜಿ ಎಬ್ಬಿಸುವುದು ಹೆಚ್ಚಾಗಿ ಆಹಾರದಲ್ಲಿರುವ ಪ್ರೋಟೀನ್. ನಾವು ತಿನ್ನುವ ಪ್ರೋಟೀನ್‌ಗಳಲ್ಲಿ ಬಹುಪಾಲು ಹೊಟ್ಟೆಯಲ್ಲಿ ನುಣ್ಣಗಾಗಿ ಹೋಗುತ್ತವೆ. ಕೆಲವು ಮಾತ್ರ ಗಟ್ಟಿ ಪಿಂಡ. ಬೇಯಿಸಿದರೂ, ಹೊಟ್ಟೆಯ ಆಮ್ಲ ಬಿದ್ದರೂ ಆಕಾರ ಬಿಡುವುದಿಲ್ಲ. ಗೋಡಂಬಿ, ಕಡಲೆಕಾಯಿ, ಎಳ್ಳಿನಲ್ಲಿರುವ ಆಲ್ಬುಮಿನ್ ಜಾತಿಯ ಪ್ರೋಟೀನ್‌ಗಳು ಇಂಥವು. ಸೀಗಡಿಯಲ್ಲಿ ಟ್ರೋಪೋಮಯೋಸಿನ್, ಮೀನಿನಲ್ಲಿ ಪಾರ್ವಾಲ್ಬುಮಿನ್. ಮೊಟ್ಟೆಯ ಬಿಳಿಯಲ್ಲಿ ಎರಡು ಮುಖ್ಯ ಪ್ರೋಟೀನ್ ಇವೆ. ಓವಾಲ್ಬುಮಿನ್ ಬಿಸಿಗೆ ಕೆಡುತ್ತದೆ, ಓವೊಮ್ಯೂಕಾಯ್ಡ್ ಜಗ್ಗುವುದಿಲ್ಲ. ಮೊಟ್ಟೆ ಅಲರ್ಜಿ ಇರುವ ಎಷ್ಟೋ ಮಕ್ಕಳು ಆಮ್ಲೆಟ್ ತಿಂದರೆ ಒದ್ದಾಡಿ, ಮೊಟ್ಟೆ ಹಾಕಿ ಚೆನ್ನಾಗಿ ಬೇಯಿಸಿದ ಕೇಕ್ ತಿಂದರೆ ಆರಾಮಾಗಿರುವುದು ಇದಕ್ಕೇ. (ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಿ ನೋಡೋಕೆ ಹೋಗಬೇಡಿ. ಡಾಕ್ಟರ್ ಎದುರಿಗೇ ಆಗಬೇಕಾದ ಕೆಲಸ ಅದು.)

ಈಗ ನನ್ನ ಮೊದಲ ಪ್ರಶ್ನೆ. ತಂಗಿಯ ಮಗನಿಗೆ ಆರು ತಿಂಗಳಿನಿಂದಲೇ ಇಸುಬು ಇತ್ತು. ಕೆನ್ನೆ, ಮೊಣಕೈ ಸಂದು ಒರಟಾಗಿ, ಕೆರೆದು ಕೆರೆದು ಬಿರಿದಿರುತ್ತಿತ್ತು. ನಮ್ಮ ಮನೆಯಲ್ಲಿ ಗೋಡಂಬಿ ಹುರಿಯುತ್ತೇವೆ, ತಿನ್ನುತ್ತೇವೆ, ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತೇವೆ. ಆ ಪುಡಿ ಬಿರಿದ ಚರ್ಮದೊಳಗೆ ಇಳಿಯೋಕೆ ಇಷ್ಟು ಸಾಕು. ಅಂದರೆ ಅವನ ಬಾಯಿಗೆ ಗೋಡಂಬಿ ಹೊಸದು, ಮೈಗೆ ಹಳೆಯದು.

ಚರ್ಮವನ್ನು ಭದ್ರವಾಗಿ ಹೆಣೆದಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನಿನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಗೊತ್ತಾಯಿತು. ಅಂಥ ಮಕ್ಕಳಲ್ಲಿ ಆಹಾರದ ಅಲರ್ಜಿಯೂ ಜಾಸ್ತಿ. ಚರ್ಮ ಬಿರಿದಾಗ ಅಲ್ಲಿನ ಜೀವಕೋಶಗಳು ಸುಮ್ಮನೆ ಕೂರುವುದಿಲ್ಲ, ಕೂಗು ಹಾಕುತ್ತವೆ. ಆ ಕೂಗೇ ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33, ಇಂಟರ್‌ಲ್ಯೂಕಿನ್-25 ಎಂಬ ಮೂರು ಪ್ರೋಟೀನ್‌ಗಳು. ಉರಿಯೂತದ ಪ್ರೋಟೀನ್‌ಗಳಲ್ಲಿ ಮೊದಲು ಎದ್ದು ನಿಲ್ಲುವವು ಇವೇ. ಮನೆಗೆ ಕಳ್ಳ ನುಗ್ಗಿದಾಗ ಮೊದಲು ಬೊಗಳುವ ನಾಯಿಯ ಹಾಗೆ. ನಾಯಿ ಬೊಗಳುವ ಹೊತ್ತಿಗೆ ಅಂಗಳದಲ್ಲಿ ಯಾರು ನಿಂತಿದ್ದಾರೋ ಅವರ ಮೇಲೇ ಅನುಮಾನ, ಅಲ್ವಾ? ಗೋಡಂಬಿ ಪುಡಿ ಪಾಪ ಸುಮ್ನೆ ಅಲ್ಲಿತ್ತು. ಕೂಗಿನ ಹೊತ್ತಿಗೆ ಅಲ್ಲಿದ್ದದ್ದೇ ಅದರ ತಪ್ಪಾಯಿತು.

ಆ ಕೂಗು ಕೇಳಿ ಬರುವ ಕಾವಲು ಕೋಶಗಳು ಗೋಡಂಬಿ ಪ್ರೋಟೀನಿನ ತುಂಡನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಅದನ್ನು ರೋಗನಿರೋಧಕ ಪಡೆಯ ಟಿ ಕೋಶಗಳಿಗೆ ತೋರಿಸುತ್ತವೆ. ಟಿ ಕೋಶ ಶಾಂತಿಯ ದಾರಿ ಹಿಡಿಯಬಹುದು, ಜಗಳದ ದಾರಿಯನ್ನೂ ಹಿಡಿಯಬಹುದು. ಟಿಎಸ್‌ಎಲ್‌ಪಿಯ ಕೂಗು ಜೊತೆಗಿದ್ದರೆ ಅದು ಜಗಳಕ್ಕೇ ನಿಲ್ಲುತ್ತದೆ. ಆಗ ಅದು ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಪ್ರೋಟೀನ್‌ಗಳನ್ನು ಹೊರಹಾಕುತ್ತದೆ. ಇಡೀ ಕಥೆಯ ತಿರುವು ಇಲ್ಲೇ ಇದೆ. ಪ್ರತಿಕಾಯ (ಆಂಟಿಬಾಡಿ) ತಯಾರಿಸುವ ಬಿ ಕೋಶಗಳಿಗೆ ಈ ಎರಡು ಪ್ರೋಟೀನ್‌ಗಳು ಒಂದು ಆರ್ಡರ್ ಕೊಡುತ್ತವೆ: ಮಾಮೂಲಿ ಪ್ರತಿಕಾಯ ಬೇಡ, ಐಜಿಇ ಮಾಡು.

ಮೀನು ತಿನ್ನಲಾಗದ ಡಾಕ್ಟರು

ಐಜಿಇ ಸಿಕ್ಕ ಕಥೆ ನನಗೆ ತುಂಬ ಇಷ್ಟ. ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಜರ್ಮನಿಯಲ್ಲಿ ಹೈಂಜ್ ಕುಸ್ಟ್ನರ್ ಎಂಬ ಡಾಕ್ಟರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್‌ಗೆ ಮೀನು ತಿಂದರೆ ಏನೂ ಆಗುತ್ತಿರಲಿಲ್ಲ. ಪ್ರೌಸ್ನಿಟ್ಸ್ ಏನು ಮಾಡಿದರು ಗೊತ್ತಾ? ಕುಸ್ಟ್ನರ್ ರಕ್ತದಿಂದ ತೆಗೆದ ತಿಳಿಯನ್ನು ತಮ್ಮದೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿದರು. ಆ ಜಾಗ ಮಾತ್ರ ಕೆಂಪಾಗಿ ಊದಿತು. ಇದು ನಡೆದು ವರದಿಯಾದದ್ದು 1921ರಲ್ಲಿ. ಅಲರ್ಜಿ ಮಾಡುವ ಏನೋ ಒಂದು ವಸ್ತು ರಕ್ತದಲ್ಲಿದೆ, ಅದು ಒಬ್ಬರಿಂದ ಇನ್ನೊಬ್ಬರ ಚರ್ಮಕ್ಕೆ ಹೋಗಿ ಅಂಟಿಕೊಳ್ಳುತ್ತದೆ ಅಂತ ಅವತ್ತು ಖಚಿತವಾಯಿತು. ಆ ವಸ್ತು ಯಾವುದು ಅಂತ ಗೊತ್ತಾಗೋಕೆ ಮಾತ್ರ ಇನ್ನೂ ನಲವತ್ತೈದು ವರ್ಷ ಬೇಕಾಯಿತು. ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಸ್ವೀಡನ್ನಿನ ಉಪ್ಸಲಾದಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್, ಬೇರೆ ಬೇರೆ ದಾರಿಯಲ್ಲಿ ಹುಡುಕಿ ಒಂದೇ ಪ್ರತಿಕಾಯಕ್ಕೆ ಬಂದು ತಲುಪಿದರು. 1968ರಲ್ಲಿ ಅದಕ್ಕೆ ಐಜಿಇ ಅಂತ ಹೆಸರಾಯಿತು.

ಇಷ್ಟು ತಡವಾದದ್ದಕ್ಕೆ ಕಾರಣವೂ ಇದೆ. ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ಐಜಿಇಯದ್ದೇ ಎಲ್ಲಕ್ಕಿಂತ ಕಡಿಮೆ ಪ್ರಮಾಣ. ರಕ್ತದಲ್ಲಿ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅದರಲ್ಲಿ ಅರ್ಧದಷ್ಟು ಕರಗಿಯೂ ಹೋಗುತ್ತದೆ. ಆದರೆ ಮಾಸ್ಟ್ ಕೋಶಗಳ ಮೈಗೆ ಒಮ್ಮೆ ಅಂಟಿದರೆ ವಾರಗಟ್ಟಲೆ ಅಲ್ಲೇ ಇರುತ್ತದೆ. ಚರ್ಮ, ಕರುಳು, ಶ್ವಾಸನಾಳ, ಅಂದರೆ ಹೊರಗಿನದು ಒಳಗೆ ಬರುವ ಬಾಗಿಲುಗಳಲ್ಲೆಲ್ಲ ಈ ಮಾಸ್ಟ್ ಕೋಶಗಳು ಇರುತ್ತವೆ. 1878ರಲ್ಲಿ ಇವುಗಳಿಗೆ ಹೆಸರಿಟ್ಟವರು ಪಾಲ್ ಎರ್ಲಿಕ್. ಕೋಶದ ತುಂಬ ಕಾಳುಕಾಳಾಗಿ ಏನೋ ತುಂಬಿರುವುದನ್ನು ನೋಡಿ, ಹೊಟ್ಟೆ ಬಿರಿಯ ಉಂಡ ಕೋಶ ಅನ್ನುವ ಅರ್ಥ ಬರುವಂತೆ ಹೆಸರಿಟ್ಟರು. ಆ ಕಾಳುಗಳು ಊಟವಲ್ಲ, ಮದ್ದುಗುಂಡು ಅಂತ ಗೊತ್ತಾದದ್ದು ಆಮೇಲೆ.

ಆ ಹತ್ತು ನಿಮಿಷದಲ್ಲಿ ನಡೆದದ್ದು

ಗೃಹಪ್ರವೇಶದ ದಿನ ಬಾಯಿಗೆ ಹೋದ ಗೋಡಂಬಿ ಚೂರಿನ ಪ್ರೋಟೀನ್ ಮಾಸ್ಟ್ ಕೋಶವನ್ನು ಮುಟ್ಟಿತು. ಅದರ ಮೈಮೇಲೆ ಗೋಡಂಬಿಗೆಂದೇ ಕಾದು ಕುಳಿತ ಐಜಿಇಗಳಿದ್ದವು. ಒಂದೇ ಐಜಿಇ ಹಿಡಿದರೆ ಏನೂ ಆಗುವುದಿಲ್ಲ. ಒಂದೇ ಪ್ರೋಟೀನನ್ನು ಅಕ್ಕಪಕ್ಕದ ಐಜಿಇಗಳು ಒಟ್ಟಿಗೆ ಹಿಡಿದು, ಅವು ಒಂದಕ್ಕೊಂದು ಹತ್ತಿರ ಎಳೆದುಕೊಂಡಾಗ ಮಾತ್ರ ಕೋಶ ಬಾಯಿ ತೆರೆಯುತ್ತದೆ.

ಮೊದಲು ಚೆಲ್ಲುವುದು ಹಿಸ್ಟಮಿನ್. ಇದು ಪ್ರೋಟೀನ್ ಅಲ್ಲ, ಸಣ್ಣ ರಾಸಾಯನಿಕ. ತುರಿಕೆ, ದದ್ದು, ಊತ ಬಹುತೇಕ ಇದರ ಕೆಲಸ. ನಮ್ಮ ಮಾಮೂಲಿ ಅಲರ್ಜಿ ಮಾತ್ರೆ, ಸಿರಪ್‌ಗಳು ತಡೆಯುವುದು ಹೆಚ್ಚಾಗಿ ಇದೊಂದನ್ನೇ. ಆದರೆ ಅದರ ಜೊತೆಗೇ ಟ್ರಿಪ್ಟೇಸ್‌ನಂಥ ಪ್ರೋಟೀನ್ ಕತ್ತರಿಸುವ ಕಿಣ್ವಗಳೂ ಹೊರಬರುತ್ತವೆ. ಮಾಸ್ಟ್ ಕೋಶ ಮುಂಚೆಯೇ ಮಾಡಿ ಕೂಡಿಟ್ಟುಕೊಂಡ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್ ಬರುತ್ತದೆ. ಕೆಲವೇ ನಿಮಿಷದಲ್ಲಿ ಕೊಬ್ಬಿನಿಂದ ಹೊಸದಾಗಿ ತಯಾರಾಗುವ ಲ್ಯೂಕೋಟ್ರಯೀನ್‌ಗಳು, ಪಿಎಎಫ್ ಎಂಬ ಇನ್ನೊಂದು ವಸ್ತುವೂ ಸೇರುತ್ತವೆ. ಲ್ಯೂಕೋಟ್ರಯೀನ್ ಶ್ವಾಸನಾಳವನ್ನು ಹಿಂಡುತ್ತದೆ. ಪಿಎಎಫ್ ರಕ್ತನಾಳಗಳನ್ನು ಸೋರುವಂತೆ ಮಾಡಿ ಬಿಪಿ ಬೀಳಿಸುತ್ತದೆ. ಸಿರಪ್ಪಿಗೆ ಇವು ಯಾವುವೂ ಬಗ್ಗುವುದಿಲ್ಲ. ಕಾರಿನಲ್ಲಿ ದದ್ದು ಸ್ವಲ್ಪ ಇಳಿದಿದ್ದರೂ ಕೆಮ್ಮು ಯಾಕೆ ಏರಿತು ಅಂತ ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ತೊಡೆಗೆ ಕೊಟ್ಟದ್ದು ಅಡ್ರಿನಲಿನ್. ಅದು ಒಂದೊಂದು ವಸ್ತುವನ್ನು ಹುಡುಕಿ ತಡೆಯಲು ಹೋಗುವುದಿಲ್ಲ. ಆಗಿರುವ ಅನಾಹುತವನ್ನೇ ಹಿಂದಕ್ಕೆ ತಿರುಗಿಸುತ್ತದೆ. ಸಡಿಲವಾದ ರಕ್ತನಾಳ ಬಿಗಿಯಾಗುತ್ತದೆ, ಮುಚ್ಚಿದ ಶ್ವಾಸನಾಳ ತೆರೆಯುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಚೆಲ್ಲುವುದೂ ನಿಲ್ಲುತ್ತದೆ. ದದ್ದಿನ ಜೊತೆಗೆ ಉಸಿರಾಟದ ತೊಂದರೆ, ದನಿ ಬದಲಾಗುವುದು, ಮತ್ತೆ ಮತ್ತೆ ವಾಂತಿ, ತಲೆಸುತ್ತು ಬಂದರೆ ಮೊದಲು ಆಗಬೇಕಾದದ್ದು ಈ ಇಂಜೆಕ್ಷನ್. ಸಿರಪ್ ಆಮೇಲೆ. ವಿದೇಶದಲ್ಲಿ ಪೆನ್ನಿನ ಹಾಗೆ ಒತ್ತಿ ಚುಚ್ಚಿಕೊಳ್ಳುವ ಅಡ್ರಿನಲಿನ್ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಆದರೆ ಅಡ್ರಿನಲಿನ್ ಆಂಪೂಲ್ ಕಡಿಮೆ ಬೆಲೆಯ ಔಷಧ, ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುತ್ತದೆ. ನಮ್ಮ ಮನೆ ಸುತ್ತಮುತ್ತ ರಾತ್ರಿ ಹೊತ್ತಲ್ಲೂ ಅದನ್ನು ಕೊಡುವ ಆಸ್ಪತ್ರೆ ಯಾವುದು ಅಂತ ತಂಗಿ ಈಗ ಬರೆದಿಟ್ಟುಕೊಂಡಿದ್ದಾಳೆ.

ಅವತ್ತು ಮಗು ಆಡತೊಡಗಿದ ಮೇಲೂ ಆಸ್ಪತ್ರೆಯವರು ಸಂಜೆಯವರೆಗೆ ಬಿಡಲಿಲ್ಲ. ಮನೆಯಲ್ಲಿ ಪೂಜೆ ಅರ್ಧಕ್ಕೆ ನಿಂತಿತ್ತು, ನಮಗೆ ಚಡಪಡಿಕೆ. ಅವರು ಮಾಡಿದ್ದೇ ಸರಿ. ಮೊದಲ ಅಲೆ ಇಳಿದ ಮೇಲೂ ಸರಪಳಿ ಒಳಗೊಳಗೇ ನಡೆಯುತ್ತಿರುತ್ತದೆ. ಟಿಎನ್‌ಎಫ್ ರಕ್ತನಾಳದ ಒಳಗೋಡೆಯನ್ನು ಅಂಟಂಟಾಗಿಸಿ, ಹೋಗುತ್ತಿರುವ ಬಿಳಿ ರಕ್ತಕಣಗಳನ್ನು ಅಲ್ಲೇ ನಿಲ್ಲಿಸುತ್ತದೆ. ಇಂಟರ್‌ಲ್ಯೂಕಿನ್-5 ಇಯೋಸಿನೋಫಿಲ್ ಎಂಬ ಕಣಗಳನ್ನು ಕರೆಸಿಕೊಳ್ಳುತ್ತದೆ. ಕೆಲವರಲ್ಲಿ ಕೆಲವು ಗಂಟೆ ಬಿಟ್ಟು, ಮತ್ತೇನೂ ತಿನ್ನದಿದ್ದರೂ ಎರಡನೇ ಸಲ ಅಲರ್ಜಿ ಏಳುತ್ತದೆ.

ರಿಪೋರ್ಟಿನಲ್ಲಿ ಬಂದದ್ದೆಲ್ಲ ಅಲರ್ಜಿಯಲ್ಲ

ನನಗೆ ಅತ್ಯಂತ ಮುಖ್ಯ ಅನಿಸುವ ಮಾತು ಇನ್ನು ಮುಂದಿನದು. ಆ ಘಟನೆಯಾದ ಮೇಲೆ ಗಾಬರಿಯಲ್ಲಿ ತಂಗಿ ಒಂದು ಲ್ಯಾಬಿನಲ್ಲಿ ದೊಡ್ಡ ಅಲರ್ಜಿ ಪ್ಯಾಕೇಜ್ ಮಾಡಿಸಿದಳು. ರಿಪೋರ್ಟಿನಲ್ಲಿ ಗೋಡಂಬಿಯ ಜೊತೆ ಹಾಲು, ಗೋಧಿ, ತೊಗರಿಬೇಳೆ, ಬದನೆಕಾಯಿ, ಟೊಮೆಟೊ ಎಲ್ಲದಕ್ಕೂ ಪಾಸಿಟಿವ್. ಎಲ್ಲ ನಿಲ್ಲಿಸಿದರು. ನಾಲ್ಕು ತಿಂಗಳು ಆ ಮಗು ಅನ್ನ, ಹೆಸರುಬೇಳೆ ಗಂಜಿಯಲ್ಲೇ ಇತ್ತು. ತೂಕ ಏರಲೇ ಇಲ್ಲ. ಅಲ್ಲಿಯವರೆಗೆ ದಿನಾ ಎರಡು ಲೋಟ ಹಾಲು ಕುಡಿದು ಆರಾಮಾಗಿದ್ದ ಹುಡುಗ ಅವನು!

ರಕ್ತದಲ್ಲಿ ಐಜಿಇ ಇದೆ ಅಂದರೆ ಸರಪಳಿಯ ಒಂದು ಕೊಂಡಿ ಇದೆ ಅಂತಷ್ಟೇ ಅರ್ಥ. ಮಿಕ್ಕ ಕೊಂಡಿಗಳು ಸೇರಿದರೆ ಮಾತ್ರ ಕಾಯಿಲೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪುರಾವೆ ಇದೆ. ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಬೆಂಗಳೂರು ಮತ್ತು ಮೈಸೂರಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದ್ದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಯಾವುದಾದರೂ ಒಂದು ಆಹಾರಕ್ಕೆ ಐಜಿಇ ಇದ್ದವರು ಶೇ 26.5. ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಲ್ಯಾಬಿನ ಕಾಗದವೊಂದನ್ನೇ ನಂಬಿದ್ದರೆ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೆ ಮಾತ್ರ ಬೇಕಾದ ಪಥ್ಯವನ್ನು ಅಷ್ಟೂ ಜನರ ಮೇಲೆ ಹೇರಿದ ಹಾಗಾಗುತ್ತಿತ್ತು.

ಬದನೆಕಾಯಿ ವಿಷಯವೂ ಹೀಗೆಯೇ. 'ಬದನೆ ನಂಜು' ಅಂತ ನಮ್ಮ ಕಡೆ ಹೇಳುತ್ತಲೇ ಬಂದಿದ್ದಾರೆ. ಗಾಯ ಆಗಿದ್ದರೆ, ಕಜ್ಜಿ ಇದ್ದರೆ ಬದನೆಕಾಯಿ ಹುಳಿ ಬಡಿಸುವುದಿಲ್ಲ. ಮೈಸೂರಿನ ಸಂಶೋಧಕರು ಇದನ್ನು ಹಗುರವಾಗಿ ತೆಗೆದುಕೊಳ್ಳದೆ 741 ಜನರನ್ನು ಪರೀಕ್ಷಿಸಿ 2008ರಲ್ಲಿ ಬರೆದರು. ಚರ್ಮದ ಪರೀಕ್ಷೆಯಲ್ಲಿ ಬದನೆಗೆ ಪ್ರತಿಕ್ರಿಯೆ ತೋರಿಸಿದವರು ಶೇ 9ರಷ್ಟು. ಐಜಿಇಯಿಂದ ನಿಜವಾದ ಅಲರ್ಜಿ ಇದ್ದವರು ಶೇ 1ಕ್ಕಿಂತ ಕಡಿಮೆ. ಅಜ್ಜಿಯರ ಮಾತಿನಲ್ಲಿ ಒಂದಿಷ್ಟು ಸತ್ಯ ಇದೆ. ಹಾಗಂತ ಎಲ್ಲರೂ ಎಣ್ಣೆಗಾಯಿ ಬಿಡಬೇಕಾಗಿಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವ ದೊಡ್ಡವರಲ್ಲಿ ಬಹಳ ಜನರಿಗೆ ಇರುವುದು ಅಲರ್ಜಿಯಲ್ಲ. ಹಾಲಿನ ಸಕ್ಕರೆ ಜೀರ್ಣವಾಗದಿರುವುದು ಅಷ್ಟೇ. ಐಜಿಜಿ ಎಂಬ ಮಾಮೂಲಿ ಪ್ರತಿಕಾಯದ ಪರೀಕ್ಷೆ ಮಾಡಿ ಉದ್ದ ಪಟ್ಟಿ ಕೊಡುವವರೂ ಇದ್ದಾರೆ. ಐಜಿಜಿ ಇರುವುದು ಆ ಆಹಾರವನ್ನು ನೀವು ತಿಂದಿದ್ದೀರಿ ಅನ್ನುವುದಕ್ಕೆ ಗುರುತು, ಅಲರ್ಜಿಗಲ್ಲ. ಇನ್ನೊಂದು ಕಡೆ, ಐಜಿಇ ಇಲ್ಲದೆಯೂ ಅಲರ್ಜಿ ಆಗುವುದುಂಟು. ಕೆಲವು ಕೂಸುಗಳು ಹಾಲೋ ಸೋಯಾವೋ ಕುಡಿದ ಒಂದರಿಂದ ನಾಲ್ಕು ಗಂಟೆಯೊಳಗೆ ವಾಂತಿ ಮಾಡಿ ಮಾಡಿ ಸುಸ್ತಾಗಿ ಮಲಗುತ್ತವೆ. ದದ್ದು ಇರುವುದಿಲ್ಲ, ಐಜಿಇ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್. ಅಲ್ಲಿ ಕರುಳಿನ ಟಿ ಕೋಶಗಳು, ಟಿಎನ್‌ಎಫ್‌ನಂಥ ಪ್ರೋಟೀನ್‌ಗಳು ಕೈಯಾಡಿಸುತ್ತವೆ ಅನ್ನುತ್ತಾರೆ ಸಂಶೋಧಕರು. ಅದಕ್ಕೇ ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಅನ್ನುವ ಕಥೆಯೇ ಮೊದಲ ಪರೀಕ್ಷೆ. ನಮ್ಮ ಹುಡುಗನನ್ನು ಆಮೇಲೆ ನೋಡಿದ ಅಲರ್ಜಿ ತಜ್ಞೆ ರಿಪೋರ್ಟನ್ನು ಪಕ್ಕಕ್ಕಿಟ್ಟು, ಅರ್ಧ ಗಂಟೆ ತಂಗಿಯ ಮಾತನ್ನೇ ಕೇಳಿದರು. ಅವತ್ತು ಸಂಜೆಯೇ ಹಾಲು, ಗೋಧಿ, ಬೇಳೆ ಮನೆಗೆ ವಾಪಸ್ ಬಂದವು.

ಬಾಯಿಯ ದಾರಿ ಬೇರೆ

ಚರ್ಮದ ದಾರಿ ಜಗಳಕ್ಕೆ ಒಯ್ದರೆ ಬಾಯಿಯ ದಾರಿ ಹೆಚ್ಚಾಗಿ ಶಾಂತಿಗೆ ಒಯ್ಯುತ್ತದೆ. ಕರುಳಿನಲ್ಲಿ ಮಾಮೂಲಿಯಾಗಿ ನಡೆಯುವುದು ಪರಿಚಯ ಮಾಡಿಕೊಳ್ಳುವ ಕೆಲಸ. ಅಲ್ಲಿನ ಕೋಶಗಳು ಹೊಸ ಆಹಾರವನ್ನು ಟಿ ಕೋಶಗಳಿಗೆ ತೋರಿಸುವಾಗ ಕೂಗು ಇರುವುದಿಲ್ಲ. ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಎಂಬ ಸಮಾಧಾನದ ಪ್ರೋಟೀನ್‌ಗಳು ಇರುತ್ತವೆ. ಪ್ರೋಟೀನ್‌ಗಳಲ್ಲೂ ಬೆಂಕಿ ಹಚ್ಚುವವು, ಆರಿಸುವವು ಅಂತ ಎರಡು ಬಗೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ತಂಡ ಒಂದು ವಿಚಿತ್ರ ಗಮನಿಸಿತ್ತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಜಾಸ್ತಿ. ಇಸ್ರೇಲಿನಲ್ಲಿ ಕೂಸುಗಳಿಗೇ ಕಡಲೆಕಾಯಿಯ ಕುರುಕಲು ತಿನ್ನಿಸುತ್ತಾರೆ. ಬ್ರಿಟನ್ನಿನಲ್ಲಿ ಅಲರ್ಜಿಗೆ ಹೆದರಿ ಕೊಡುತ್ತಿರಲಿಲ್ಲ. ಆಮೇಲೆ ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಡಲೆಕಾಯಿ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಐದು ವರ್ಷ ತುಂಬುವ ಹೊತ್ತಿಗೆ ಕೊಡದ ಗುಂಪಿನಲ್ಲಿ ಶೇ 17ರಷ್ಟು ಮಕ್ಕಳಿಗೆ ಅಲರ್ಜಿ, ಕೊಟ್ಟ ಗುಂಪಿನಲ್ಲಿ ಶೇ 3ರಷ್ಟು. 2015ರಲ್ಲಿ ಇದು ಪ್ರಕಟವಾದ ಮೇಲೆ ಹಲವು ದೇಶಗಳ ಸಲಹೆಯೇ ಬದಲಾಯಿತು. ತೀವ್ರ ಇಸುಬು ಇರುವ ಕೂಸಿಗೆ ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಇಡೀ ಬೀಜ ಅಥವಾ ಚೂರು ಕೊಡಲೇಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು, ಗಂಜಿಯಲ್ಲಿ ಕಲಸಿ ಕೊಡಬೇಕು.

ಸರಪಳಿ ಗೊತ್ತಾದ ಮೇಲೆ ಅದನ್ನು ಬೇಕಾದ ಕಡೆ ಕತ್ತರಿಸುವ ಔಷಧಗಳೂ ಬಂದಿವೆ. ಓಮಾಲಿಜುಮ್ಯಾಬ್ ರಕ್ತದಲ್ಲಿರುವ ಐಜಿಇಯನ್ನೇ ಹಿಡಿದು, ಮಾಸ್ಟ್ ಕೋಶಕ್ಕೆ ಅಂಟದಂತೆ ಮಾಡುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ಇಲಾಖೆ ಇದನ್ನು ಆಹಾರದ ಅಲರ್ಜಿಗೆ ಒಪ್ಪಿತು. ಪರೀಕ್ಷೆಯಲ್ಲಿ ಇದನ್ನು ಪಡೆದ ಮಕ್ಕಳಲ್ಲಿ ಶೇ 67ರಷ್ಟು ಮಂದಿ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನ್ ತಡೆದುಕೊಂಡರು. ಸುಳ್ಳು ಔಷಧ ಪಡೆದವರಲ್ಲಿ ಶೇ 7 ಮಾತ್ರ. ಆದರೆ ಇದು ಗುಣ ಮಾಡುವ ಔಷಧವಲ್ಲ. ಅಪ್ಪಿತಪ್ಪಿ ಒಂದು ಚೂರು ಬಾಯಿಗೆ ಹೋದರೆ ಜೀವಕ್ಕೆ ಅಪಾಯ ಆಗದ ಹಾಗೆ ಕಾಯುತ್ತದೆ. ನಿಲ್ಲಿಸಿದರೆ ಐಜಿಇ ಮತ್ತೆ ಏರುತ್ತದೆ. ಇಂಟರ್‌ಲ್ಯೂಕಿನ್-4 ಮತ್ತು 13ರ ಆರ್ಡರ್ ತಲುಪದಂತೆ ತಡೆಯುವ ಡ್ಯುಪಿಲುಮ್ಯಾಬ್ ಈಗಾಗಲೇ ಇಸುಬಿಗೆ ಬಳಕೆಯಲ್ಲಿದೆ. ಎರಡೂ ದುಬಾರಿ.

ಅಲರ್ಜಿಯ ನೆನಪು ಮೈಯಲ್ಲಿ ಎಲ್ಲಿ ಉಳಿಯುತ್ತದೆ ಅನ್ನುವ ಪ್ರಶ್ನೆಗೂ 2024ರ ಅದೇ ಫೆಬ್ರವರಿಯಲ್ಲಿ ಉತ್ತರ ಸಿಕ್ಕಿತು. ಐಜಿಇ ತಯಾರಿಸುವ ಕೋಶಗಳಲ್ಲಿ ಹೆಚ್ಚಿನವು ಬೇಗ ಸಾಯುತ್ತವೆ. ಹಾಗಾದರೆ ವರ್ಷಗಟ್ಟಲೆ ಗೋಡಂಬಿ ಮುಟ್ಟದಿದ್ದರೂ ಅಲರ್ಜಿ ಯಾಕೆ ಹೋಗುವುದಿಲ್ಲ? ಕೆನಡಾ ಮತ್ತು ಅಮೆರಿಕದ ತಂಡಗಳು ಒಂದು ಬಗೆಯ ಬಿ ಕೋಶವನ್ನು ಗುರುತಿಸಿದವು. ಅದು ಐಜಿಇ ಮಾಡುವುದಿಲ್ಲ, ಸುಮ್ಮನೆ ಕಾಯುತ್ತಿರುತ್ತದೆ. ಆಹಾರ ಮತ್ತೆ ಎದುರಾದರೆ ಐಜಿಇ ಮಾಡುವ ಕೋಶವಾಗಿ ಬದಲಾಗುತ್ತದೆ. ಅದರ ಮೈಮೇಲೆ ಇಂಟರ್‌ಲ್ಯೂಕಿನ್-4 ಹಿಡಿಯುವ ಕೊಂಡಿ ಎದ್ದು ಕಾಣುವಷ್ಟಿದೆ. ಆ ಕೊಂಡಿ ಸಿಕ್ಕಿದ್ದರಿಂದ ಅಲರ್ಜಿಯ ನೆನಪನ್ನೇ ಅಳಿಸುವ ದಾರಿ ಹುಡುಕುತ್ತಿದ್ದಾರೆ.

ಹಾಲು, ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಹೋಗುತ್ತದೆ. ಗೋಡಂಬಿಯಂಥ ಬೀಜಗಳದ್ದು ಹೋಗುವುದು ಹತ್ತರಲ್ಲಿ ಒಬ್ಬರಿಗೆ. ನಮ್ಮ ಹುಡುಗನಿಗೆ ಬೇಸಿಗೆ ರಜೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಇದೆ. ಮದುವೆ ಮನೆಯಲ್ಲಿ ಬಡಿಸುವವರು ಎಲೆಯ ಹತ್ತಿರ ಬಂದ ತಕ್ಷಣ ಕೈ ಅಡ್ಡ ಹಿಡಿದು, 'ಅಂಕಲ್, ಇದ್ರಲ್ಲಿ ಗೋಡಂಬಿ ಅರೆದು ಹಾಕಿದೀರಾ?' ಅಂತ ಅವನೇ ಕೇಳುತ್ತಾನೆ. ಹುರಿದು ಮೇಲೆ ಹಾಕಿದ ಗೋಡಂಬಿ ಕಣ್ಣಿಗೆ ಕಾಣುತ್ತದೆ, ಕುರ್ಮಾದಲ್ಲಿ ಅರೆದದ್ದು ಕಾಣುವುದಿಲ್ಲ ಅಂತ ಅವನಿಗೆ ಗೊತ್ತು.